ಸರ್ವರ್ ಡೌನ್ ಅಂದ್ರೆ ಏನು ಸ್ವಾಮಿ?



ಇವತ್ತು ರಾಜಕೀಯ ಬೇಡ. ಒಂದೇ ಒಂದು ವಾಕ್ಯದ ಬಗ್ಗೆ ಮಾತಾಡೋಣ. ನೀವೆಲ್ಲ ಕೇಳಿರೋ ವಾಕ್ಯ. ಕೌಂಟರಿನ ಆ ಕಡೆಯಿಂದ, ತಲೆ ಎತ್ತದೇ ಹೇಳೋ ವಾಕ್ಯ. ‘ಸರ್ವರ್ ಡೌನ್, ನಾಳೆ ಬನ್ನಿ.’

ಮಲೆ ಮಹದೇಶ್ವರ ಬೆಟ್ಟಕ್ಕೆ ವರದಿಗಾಗಿ ಹೋಗಿದ್ದೆ. ವಾಪಸ್ ಬರುವಾಗ ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲೂಕಿನ ಒಂದು ಸರ್ಕಾರಿ ಕಚೇರಿಗೆ ಕಾಲಿಟ್ಟೆ. ಯಾವುದು ಅಂತ ಹೇಳಲ್ಲ. ಹೇಳಿದರೆ ಅಲ್ಲಿ ಕೂತಿರೋ ಗುತ್ತಿಗೆ ನೌಕರ ಹುಡುಗನ ಕೆಲಸ ಹೋಗುತ್ತೆ, ತಪ್ಪು ಅವನದ್ದಲ್ಲ.

ಹೊರಗಿನ ಬೆಂಚಿನ ಮೇಲೆ ಒಬ್ಬ ಅವ್ವ ಕೂತಿದ್ದರು. ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರ್, ರೇಷನ್ ಕಾರ್ಡು, ಮೊಮ್ಮಗಳ ಮಾರ್ಕ್ಸ್ ಕಾರ್ಡು. ಜಾತಿ, ಆದಾಯ ಪ್ರಮಾಣಪತ್ರ ಬೇಕಿತ್ತು. ಹುಡುಗಿಯ ಹಾಸ್ಟೆಲ್ ಅರ್ಜಿಗೆ ಶನಿವಾರ ಕಡೇ ದಿನ. ಅವತ್ತು ಗುರುವಾರ.

‘ಮೂರ್ ದಿಸ್ದಿಂದ ಬತ್ತಾ ಇವ್ನಿ ಕನಪ್ಪ. ಅದ್ಯಾರೋ ಸರ್ವರ್ರು ಬಂದಿಲ್ವಂತೆ. ಅವ್ರು ಯಾವೂರೋರು? ದಿನಾ ರಜಾನಾ?’ ಅಂದ್ರು.

ನಗು ಬಂತು. ಆಮೇಲೆ ನಾಚಿಕೆಯೂ ಆಯ್ತು. ಅವರು ಕೇಳಿದ್ದರಲ್ಲಿ ತಪ್ಪೇನಿದೆ? ನಮಗೆಲ್ಲ ಸರ್ವರ್ ಅಂದ್ರೆ ಹೋಟೆಲಲ್ಲಿ ಇಡ್ಲಿ ತಂದುಕೊಡೋನು. ಅವನು ಬರದಿದ್ದರೆ ಮಾಲೀಕ ಇನ್ನೊಬ್ಬನನ್ನು ಕಳಿಸ್ತಾನೆ, ಗಿರಾಕಿಗೆ ‘ಎದ್ದು ಹೋಗಿ, ನಾಳೆ ಬನ್ನಿ’ ಅನ್ನಲ್ಲ. ಈ ಕಚೇರಿಯಲ್ಲಿ ಮಾತ್ರ ಯಾಕೆ?

ಒಳಗೆ ಹೋದೆ. ಹುಡುಗ ಪಾಪ, ಗೌರವವಾಗಿಯೇ ಮಾತಾಡಿಸಿದ. ‘ನೋಡಿ ಸಾರ್, ವೆಬ್‌ಸೈಟೇ ಓಪನ್ ಆಗ್ತಿಲ್ಲ’ ಅಂತ ಪರದೆ ತೋರಿಸಿದ. ಸಂಪರ್ಕ ಸುರಕ್ಷಿತವಲ್ಲ ಅನ್ನೋ ಅರ್ಥದ ಇಂಗ್ಲಿಷ್ ಸಂದೇಶ ಇತ್ತು. ನನ್ನ ಕಣ್ಣು ಪರದೆಯ ಕೆಳಗಿನ ಬಲಮೂಲೆಗೆ ಹೋಯ್ತು. ಅಲ್ಲಿ ತಾರೀಕು ಏನಿತ್ತು ಗೊತ್ತಾ? 2012ನೇ ಇಸವಿ, ಜನವರಿ 1!

ತಾರೀಕು ಸರಿ ಮಾಡಿದ. ಪೇಜ್ ಮತ್ತೆ ತೆರೆದ. ಬಂತು.

ವೀಕ್ಷಕರೇ, ಇದು ಪವಾಡ ಅಲ್ಲ. ಇಂಥ ಕಂಪ್ಯೂಟರಿನ ಒಳಗೆ ಸಾಮಾನ್ಯವಾಗಿ ನಾಣ್ಯದ ಗಾತ್ರದ ಒಂದು ಸೆಲ್ ಇರುತ್ತೆ. ಕರೆಂಟ್ ಇಲ್ಲದಾಗಲೂ ಗಡಿಯಾರ ಓಡಿಸೋದು ಅದರ ಕೆಲಸ. ಅದು ಸತ್ತರೆ, ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಬೆಳಗ್ಗೆ ಹಾಕಿದಾಗ ಕಂಪ್ಯೂಟರ್ ಹಳೇ ಯಾವುದೋ ತಾರೀಕಿಗೆ ಹೋಗಿ ಕೂತಿರುತ್ತೆ. ಇನ್ನು ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ. ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ 2012. ಆ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ! ಹಾಗಾಗಿ ಬ್ರೌಸರ್ ಬಾಗಿಲು ಹಾಕುತ್ತೆ. ಬೆಂಗಳೂರಿನ ಸರ್ವರ್ ಸರಿಯಾಗೇ ಇದೆ. ಸತ್ತಿದ್ದು ಮೇಜಿನ ಕೆಳಗಿನ ಸೆಲ್. ಬೆಲೆ? ಒಂದು ಊಟದಷ್ಟೂ ಇಲ್ಲ.

ಹುಡುಗನನ್ನು ಕೇಳಿದೆ, ‘ಯಾಕಪ್ಪಾ ನೋಡಲಿಲ್ಲ?’ ‘ಸಾರ್, ನಾವು ಮುಟ್ಟಂಗಿಲ್ಲ. ಕಂಪ್ಲೇಂಟ್ ಕೊಟ್ಟಿದೀನಿ, ಜಿಲ್ಲಾ ಕೇಂದ್ರದಿಂದ ಇಂಜಿನಿಯರ್ ಬರಬೇಕು.’ ಅವನನ್ನು ಬೈಯೋದು ಹೇಗೆ? ನಾನೂ ಇಂಜಿನಿಯರಿಂಗ್ ಓದಿದವನೇ. ನಾಲ್ಕು ವರ್ಷ ಏನೇನೋ ಕಲಿಸಿದರು, ಇದನ್ನು ಯಾರೂ ಹೇಳಿಕೊಡಲಿಲ್ಲ. ಹಾಸ್ಟೆಲಲ್ಲಿ ಹಳೇ ಕಂಪ್ಯೂಟರ್ ಬಿಚ್ಚಿ ಕಲಿತದ್ದು. ಅಷ್ಟೇ ಯಾಕೆ, ನಮ್ಮ ಸ್ಟುಡಿಯೋದಲ್ಲೇ ಒಂದು ದಿನ ಪ್ರಾಂಪ್ಟರ್ ನಿಂತಿತು. ‘ಸಿಸ್ಟಮ್ ಪ್ರಾಬ್ಲಂ’ ಅಂತ ಎಲ್ಲರೂ ಓಡಾಡಿದ್ದೇ ಓಡಾಡಿದ್ದು. ನೋಡಿದ್ರೆ ಕೇಬಲ್ಲು ಯಾರದ್ದೋ ಕಾಲಿಗೆ ಸಿಕ್ಕಿ ಕಳಚಿತ್ತು.

ಅದಕ್ಕೇ ಹೇಳ್ತೀನಿ, ‘ಸರ್ವರ್ ಡೌನ್’ ಅನ್ನೋ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ತೊಂದರೆ ನನ್ನ ಕಂಪ್ಯೂಟರಿಗೆ ಮಾತ್ರವೋ, ಪಕ್ಕದ ಮೇಜಿಗೂ ಇದೆಯೋ? ಪಕ್ಕದವರದ್ದು ಓಡ್ತಿದ್ದರೆ ಸರ್ವರ್ ಮೇಲೆ ತಪ್ಪು ಹೊರಿಸಬೇಡಿ. ಎರಡು, ಬೇರೆ ವೆಬ್‌ಸೈಟ್ ಬರ್ತಿದೆಯಾ? ಬರದಿದ್ದರೆ ತಂತಿ ನೋಡಿ, ರೂಟರ್ ಆಫ್ ಮಾಡಿ ಆನ್ ಮಾಡಿ. ಮೂರು, ನಿನ್ನೆ ಇದ್ದದ್ದು ಇವತ್ತು ಏನು ಬದಲಾಯ್ತು? ತಾರೀಕು? ಪಾಸ್‌ವರ್ಡು? ಹೊಸ ಅಪ್‌ಡೇಟು?

ಪ್ರಿಂಟರ್ ವಿಷಯ ಕೇಳಿ. ಒಂದು ಪ್ರಿಂಟ್ ಸಿಕ್ಕಿಹಾಕಿಕೊಂಡಿರುತ್ತೆ, ಜನ ಹತ್ತು ಸಲ ಬಟನ್ ಒತ್ತುತ್ತಾರೆ. ಆ ಹತ್ತೂ ಸರದಿಯಲ್ಲಿ ಹಿಂದೆ ನಿಲ್ಲುತ್ತವೆ. ಸರದಿ ಖಾಲಿ ಮಾಡಿ, ಒಂದೇ ಸಲ ಕೊಡಿ. ಕನ್ನಡದ ಗೋಳು ಇನ್ನೊಂದು. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದನ್ನು ವೆಬ್‌ಸೈಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ‘ಫೈಲ್ ಹಾಳಾಯ್ತು’ ಅಂತ ಮತ್ತೆ ಟೈಪ್ ಮಾಡ್ತಾರೆ. ಹಾಳಾಗಿಲ್ಲ ಸ್ವಾಮಿ. ಹಳೇ ಫಾಂಟು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿತ್ತು, ಅಷ್ಟೇ. ನುಡಿಯಲ್ಲೇ ಯೂನಿಕೋಡಿಗೆ ಬದಲಾಯಿಸೋ ಸೌಲಭ್ಯ ಇದೆ. ಎರಡು ನಿಮಿಷದ ಕೆಲಸ.

ಹಾಗಾದರೆ ಸರ್ವರ್ ನಿಜವಾಗಿ ಡೌನ್ ಆಗೋದೇ ಇಲ್ವಾ? ಆಗುತ್ತೆ. 2025ರ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶದ ಕಥೆ ನಾವೇ ತೋರಿಸಿದ್ದೆವು. ಸುಳ್ಳು ಖಾತೆಗಳಿಂದ ಕೋರಿಕೆಗಳ ಪ್ರವಾಹವನ್ನೇ ಹರಿಸಿದರು, ರಾಜ್ಯದಲ್ಲೆಲ್ಲ ಆಸ್ತಿ ನೋಂದಣಿಗೆ ಪೆಟ್ಟು ಬಿತ್ತು, ವಿಷಯ ಸೈಬರ್ ಪೊಲೀಸರವರೆಗೆ ಹೋಯ್ತು. ಅದನ್ನು ತಾಲೂಕಿನ ಆಪರೇಟರ್ ಸರಿ ಮಾಡೋಕೆ ಆಗಲ್ಲ. ಒಪ್ಪೋಣ.

ಆದರೆ ನಿಜವಾಗಿ ಡೌನ್ ಆದಾಗ ಏನು ಮಾಡಬೇಕು? 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ಅವತ್ತು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಏನು ಮಾಡಿದರು? ಪೆನ್ನು ತಗೊಂಡು ಕೈಯಲ್ಲೇ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು! ವಿಮಾನಗಳು ರದ್ದಾದವು, ತಡವಾದವು, ನಿಜ. ಆದರೆ ಪೆನ್ನು ಡೌನ್ ಆಗಲಿಲ್ಲ. ವಿಮಾನ ಹತ್ತೋರಿಗೆ ಕೈಬರಹ ನಡೆಯುತ್ತೆ, ಬಸ್ ಹತ್ತಿ ಬಂದ ಅವ್ವನಿಗೆ ನಡೆಯಲ್ವಾ?

ಇಲ್ಲೇ ಇರೋದು ನೋಡಿ ನಿಜವಾದ ಗುಟ್ಟು. ನಮ್ಮಲ್ಲಿ ಸಕಾಲ ಕಾಯ್ದೆ ಇದೆ. 2011ರ ಕಾಯ್ದೆ, 2012ರ ಏಪ್ರಿಲಲ್ಲಿ ರಾಜ್ಯಾದ್ಯಂತ ಬಂತು. ಹೇಳಿದ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಒಳ್ಳೇ ಕಾಯ್ದೆ. ಆದರೆ ಲೆಕ್ಕ ಶುರುವಾಗೋದು ಯಾವಾಗ? ಅರ್ಜಿ ಕಂಪ್ಯೂಟರಿಗೆ ಹತ್ತಿ, 15 ಅಂಕಿಯ ಸಂಖ್ಯೆ ಕೈಗೆ ಬಂದಾಗ. ಸರ್ವರ್ ಡೌನ್ ಅಂದ್ರೆ ಅರ್ಜಿ ಇಲ್ಲ. ಅರ್ಜಿ ಇಲ್ಲ ಅಂದ್ರೆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲ ಅಂದ್ರೆ ವಿಳಂಬವೇ ಇಲ್ಲ! ಆ ಅವ್ವ ಮೂರು ದಿನ ಬಂದದ್ದು ಸರ್ಕಾರದ ಯಾವ ಕಡತದಲ್ಲೂ ಇಲ್ಲ. ಕಾಗದದ ಮೇಲೆ ಅವರು ಬಂದದ್ದೇ ಗುರುವಾರ.

‘ಬಸ್ ಫ್ರೀ ಅಲ್ವಾ, ನಾಳೆ ಬಾ ಅಜ್ಜಿ’ ಅಂತ ಅಲ್ಲೇ ಒಬ್ಬರು ಅಂದರು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ, ನಿಜ. ಕೂಲಿ ಫ್ರೀ ಅಲ್ಲ ಸ್ವಾಮಿ. ಮೂರು ದಿನದ ಕೂಲಿ ಯಾರು ಕೊಡ್ತೀರಿ? ಬೆಟ್ಟದ ಆಸುಪಾಸಲ್ಲಿ ಕಾಡಿನ ದಾರಿ ನಡೆದು ಬಂದು ಬಸ್ ಹಿಡಿಯೋ ಊರುಗಳಿವೆ. ಅವರಿಗೆ ‘ನಾಳೆ ಬನ್ನಿ’ ಅನ್ನೋದು ಎಷ್ಟು ದೂರದ ಮಾತು, ಯೋಚನೆ ಮಾಡಿದ್ದೀರಾ? ಹನೂರನ್ನು ಕೊಳ್ಳೇಗಾಲದಿಂದ ಬೇರೆ ಮಾಡಿ ತಾಲೂಕು ಮಾಡಿದ್ದೇ ಕಚೇರಿ ಜನರ ಹತ್ತಿರ ಬರಲಿ ಅಂತ. ಹತ್ತಿರ ಬಂದ ಕಚೇರಿ ಬಾಗಿಲಲ್ಲೇ ವಾಪಸ್ ಕಳಿಸಿದರೆ ಏನು ಬಂತು?

ಸರ್ಕಾರಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಕೋಟಿ ಕೋಟಿ ಬೇಕಿಲ್ಲ.

ಮೊದಲನೆಯದು, ಕಂಪ್ಯೂಟರ್ ನಿಂತ ದಿನ ಅರ್ಜಿಯನ್ನು ಕೈಯಲ್ಲಿ ತಗೊಳ್ಳಿ. ತಾರೀಕು, ಸಮಯ, ಸಹಿ, ಮೊಹರು ಹಾಕಿ ಚೀಟಿ ಕೊಡಿ. ಸಕಾಲದ ಲೆಕ್ಕ ಆ ಚೀಟಿಯಿಂದ ಶುರುವಾಗಲಿ. ಎರಡನೆಯದು, ಪ್ರತಿ ಕೌಂಟರಿನಲ್ಲೂ ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ನಿಂತಿತು, ಪರದೆ ಮೇಲೆ ಏನು ಬಂತು, ಹೇಗೆ ಸರಿಯಾಯ್ತು ಅಂತ ಬರೀರಿ. ಮುಂದಿನ ಸಲ ಹೊಸಬರಿಗೂ ದಾರಿ ಗೊತ್ತಾಗುತ್ತೆ. ಮೂರನೆಯದು, ಆ ಹುಡುಗರಿಗೆ ಎರಡು ದಿನ ತರಬೇತಿ ಕೊಡಿ, ಮುಟ್ಟೋ ಅಧಿಕಾರನೂ ಕೊಡಿ.

ವೀಕ್ಷಕರೇ, ನಿಮಗೂ ಒಂದು ಮಾತು. ಇನ್ನೊಂದು ಸಲ ‘ಸರ್ವರ್ ಡೌನ್’ ಅಂದರೆ ಜಗಳ ಆಡಬೇಡಿ. ಸಮಾಧಾನವಾಗಿ ಎರಡು ಕೇಳಿ. ‘ಸಾರ್, ಪಕ್ಕದ ಕಂಪ್ಯೂಟರಲ್ಲೂ ಬರ್ತಿಲ್ವಾ?’ ಆಮೇಲೆ, ‘ನಾನು ಇವತ್ತು ಬಂದಿದ್ದೆ ಅಂತ ಬರೆದುಕೊಡ್ತೀರಾ?’

ಅವತ್ತು ಆ ಅವ್ವನ ಕೈಗೆ ಅರ್ಜಿ ಸಂಖ್ಯೆಯ ಚೀಟಿ ಸಿಕ್ತು. ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ‘ಅಂತೂ ಬಂದ್ನಲ್ಲ ಕನಪ್ಪ ಸರ್ವರ್ರು’ ಅಂದು ಬಸ್ ಸ್ಟ್ಯಾಂಡ್ ಕಡೆ ನಡೆದರು. ಮೊದಲ ದಿನವೇ ಆ ಚೀಟಿ ಸಿಕ್ಕಿದ್ದರೆ ಅವರ ಕೈಯಲ್ಲಿ ಇನ್ನೆರಡು ದಿನ ಇರುತ್ತಿತ್ತು.