ಸ್ಥಿತಿಕರಣದ ಒಂದು ವರ್ಷ



ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಸನ್ಮಾರ್ಗದಿಂದ ಜಾರುತ್ತಿರುವವರನ್ನು ಮರಳಿ ಅದರಲ್ಲಿಯೇ ನೆಲೆಗೊಳಿಸುವುದು ಅದರ ಅರ್ಥ. ಇದಕ್ಕೆ ಶ್ರಾವಕಾಚಾರವು ಕೊಡುವ ದೃಷ್ಟಾಂತ ವಾರಿಷೇಣ ಮುನಿಯದು. ಮನಸ್ಸು ಚಂಚಲಗೊಂಡ ಸಹಮುನಿಯನ್ನು ಆತ ದೂರಮಾಡಲಿಲ್ಲ, ಜೊತೆಗಿದ್ದು ದೃಢಪಡಿಸಿದನು. ಸೇವೆಯನ್ನೇ ವೃತ್ತಿಯಾಗಿ ಆರಿಸಿಕೊಂಡ ಯುವಜನರ ವಿಷಯದಲ್ಲಿ ಸಮಾಜವು ಈ ಅಂಗವನ್ನು ಪಾಲಿಸುತ್ತಿದೆಯೇ?

ಭಾರತದಲ್ಲಿ ಸಮಾಜಕಾರ್ಯದ ವೃತ್ತಿಶಿಕ್ಷಣ ಆರಂಭವಾದದ್ದು 1936ರಲ್ಲಿ, ಮುಂಬಯಿಯಲ್ಲಿ. ಅಂದಿನ ಆ ಶಾಲೆಯೇ ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ. ಎಂ.ಎಸ್.ಡಬ್ಲ್ಯು. ಓದುವಾಗ ವಿದ್ಯಾರ್ಥಿಯ ಕ್ಷೇತ್ರಕಾರ್ಯದ ವರದಿಗಳನ್ನು ಮಾರ್ಗದರ್ಶಕರು ಓದಿ ತಿದ್ದುತ್ತಾರೆ. ನೌಕರಿಗೆ ಸೇರಿದೊಡನೆ ಆ ತಿದ್ದುವ ಕೈ ಬಹುಪಾಲು ಮರೆಯಾಗುತ್ತದೆ. ಹೊಣೆ ಮಾತ್ರ ನೂರ್ಮಡಿಯಾಗುತ್ತದೆ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪೋಷಣೆಯಿಲ್ಲದ ಮಗುವಿನ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮಗು ಮನೆಗೆ ಮರಳಬೇಕೇ, ಬಾಲಮಂದಿರದಲ್ಲಿ ಉಳಿಯಬೇಕೇ ಎಂಬ ನಿರ್ಣಯಕ್ಕೆ ಆ ವರದಿಯೇ ಆಧಾರ. ಅದನ್ನು ಬರೆಯುವವಳು ಕಳೆದ ತಿಂಗಳಷ್ಟೇ ಪದವಿ ಪಡೆದ ಇಪ್ಪತ್ತಮೂರರ ಯುವತಿಯೂ ಆಗಿರಬಹುದು. ಲೆಕ್ಕಪರಿಶೋಧಕನಾಗಬಯಸುವವನು ಹಿರಿಯರ ಕೈಕೆಳಗೆ ಎರಡು ವರ್ಷ ಆರ್ಟಿಕಲ್‌ಶಿಪ್ ಮಾಡದೆ ಒಂದು ಕಂಪನಿಯ ಲೆಕ್ಕಕ್ಕೂ ಸಹಿ ಹಾಕುವಂತಿಲ್ಲ. ವೈದ್ಯನಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. ಮಗುವಿನ ಬದುಕಿನ ಲೆಕ್ಕ ಬರೆಯುವವಳಿಗೆ ಅಂಥ ಆಸರೆ ಬೇಡವೇ?

ಆಸರೆಯಿಲ್ಲದವರು ಎರಡು ದಾರಿ ಹಿಡಿಯುತ್ತಾರೆ. ಕೆಲವರು ವೃತ್ತಿಯನ್ನೇ ಬಿಡುತ್ತಾರೆ. ಉಳಿದ ಕೆಲವರು ಅನ್ಯರ ದುಃಖಕ್ಕೆ ಕಲ್ಲಾಗುತ್ತಾರೆ. ಎರಡನೆಯದು ಹೆಚ್ಚಿನ ಹಾನಿ.

ಇಂಗ್ಲೆಂಡಿನಲ್ಲಿ 2012ರಿಂದ ಮೊದಲ ವರ್ಷಕ್ಕೆಂದೇ ಒಂದು ವ್ಯವಸ್ಥೆಯಿದೆ. ಹೊಸಬರ ಕೆಲಸದ ಹೊರೆಯಲ್ಲಿ ಶೇಕಡಾ 10ರಷ್ಟು ಕಡಿತ; ಹಿರಿಯರೊಡನೆ ಮೊದಲ ಆರು ವಾರ ವಾರಕ್ಕೊಮ್ಮೆ, ಆರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಅನಂತರ ತಿಂಗಳಿಗೊಮ್ಮೆ ಸಮಾಲೋಚನೆ. ಭಾರತದಲ್ಲಿ 2021ರ ಸಹವರ್ತಿ ಆರೋಗ್ಯವೃತ್ತಿಗಳ ಕಾಯ್ದೆಯು ವೈದ್ಯಕೀಯ ಹಾಗೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪರಿಧಿಗೆ ತಂದಿತು. ಮಕ್ಕಳ, ಮಹಿಳೆಯರ, ಕೊಳೆಗೇರಿಗಳ ನಡುವೆ ದುಡಿಯುವವರು ಹೊರಗೇ ಉಳಿದರು. ಇದನ್ನು ಶಾಸನಸಭೆಗಳಲ್ಲಿ ಕೇಳುವವರಿಲ್ಲ. ಈ ವೃತ್ತಿಗೆ ಮತಬಲವಿಲ್ಲ.

ಆದರೆ ಶಾಸನ ಬರುವವರೆಗೆ ಸಮಾಜ ಕಾಯಬೇಕಾಗಿಲ್ಲ. ಜೈನ ದಾನಿಗಳು ಆಹಾರ, ಔಷಧಗಳಿಗೆ ಧಾರಾಳವಾಗಿ ಕೊಡುತ್ತಾರೆ. ಹಿರಿಯ ಮಾರ್ಗದರ್ಶಕರ ಸಂಬಳವೆಂದರೆ ಮಾತ್ರ ‘ಆಡಳಿತ ವೆಚ್ಚ’ವೆಂದು ಗೆರೆ ಎಳೆಯುತ್ತಾರೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಯಮಗಳಲ್ಲಿ ಆಡಳಿತ ವೆಚ್ಚಕ್ಕೆ ಶೇಕಡಾ 5ರ ಮಿತಿ ಇದೆ ನಿಜ. ಆದರೆ ಅದು ಕಂಪನಿಯ ಸಾಮಾನ್ಯ ಆಡಳಿತಕ್ಕೆ ಅನ್ವಯಿಸುವ ಮಿತಿ. ನಿರ್ದಿಷ್ಟ ಯೋಜನೆಯ ಅನುಷ್ಠಾನ, ಮೇಲ್ವಿಚಾರಣೆಗಳಿಗೆ ನೇರವಾಗಿ ತಗಲುವ ವೆಚ್ಚ ಅದರೊಳಗೆ ಬಾರದು. ನಿಯಮವೇ ಬಿಟ್ಟುಕೊಟ್ಟ ಅವಕಾಶವನ್ನು ದಾನಿಗಳ ರೂಢಿ ಮುಚ್ಚಿಬಿಟ್ಟಿದೆ.

ಆದ್ದರಿಂದ ಸಮಾಜದ ಟ್ರಸ್ಟ್‌ಗಳು ಮೂರು ನಿರ್ಣಯ ಕೈಗೊಳ್ಳಲಿ. ಅನುದಾನ ಪಡೆಯುವ ಸಂಸ್ಥೆಯು ಪ್ರತಿಯೊಬ್ಬ ಹೊಸಬರಿಗೂ ಒಬ್ಬ ಹಿರಿಯರನ್ನು ಹೆಸರಿಸಿ, ವಾರಕ್ಕೊಂದು ಗಂಟೆ ಮೀಸಲಿಡಲಿ. ಆ ಗಂಟೆಯ ವೆಚ್ಚವನ್ನು ಯೋಜನೆಯ ಅಂದಾಜುಪಟ್ಟಿಯಲ್ಲೇ ಸೇರಿಸಲಿ. ಪದವಿಯ ದಿನಕ್ಕೇ ನಿಲ್ಲುವ ವಿದ್ಯಾರ್ಥಿವೇತನ, ಅಲ್ಪ ಸಂಬಳದ ಮೊದಲ ವರ್ಷಕ್ಕೂ ಸ್ವಲ್ಪ ನೆರವಾಗಿ ಮುಂದುವರಿಯಲಿ.

ಮನೆಯವರ ಪಾಲೂ ಇದೆ. ಮಗಳು ದಣಿದು ಬಂದ ಸಂಜೆ ‘ಇದನ್ನು ಬಿಟ್ಟು ಬ್ಯಾಂಕ್ ಪರೀಕ್ಷೆ ಬರೆ’ ಎನ್ನುವ ಮುನ್ನ, ಆ ದಿನ ಏನಾಯಿತೆಂದು ಕೇಳುವ ತಾಳ್ಮೆ ಇರಲಿ. ಕೇಳುವುದು ಅನ್ಯರ ಗುಟ್ಟನ್ನಲ್ಲ, ಅವಳ ಆಯಾಸವನ್ನು. ಶಾಲು ಹೊದಿಸುವ ಸನ್ಮಾನ ಒಂದು ಗಂಟೆಯದು. ಸ್ಥಿತಿಕರಣಕ್ಕೆ ವರ್ಷವಿಡೀ ಜೊತೆಗಿರಬೇಕು.