ರೇಷ್ಮೆಯ ನೂಲು ಮತ್ತು ದೇಹಧಾತುಗಳ ಪುನರ್ನಿರ್ಮಾಣ



ದೇಹದಲ್ಲಿ ಸಣ್ಣ ಗಾಯವಾದರೆ ಅದು ತಾನೇ ಮಾಯುವುದು ಎಲ್ಲರೂ ಕಂಡ ಸಂಗತಿ. ಆದರೆ ಬೆಂಕಿಯಿಂದ ಬೆಂದ ಚರ್ಮವಾಗಲಿ, ಮಧುಮೇಹಿಯ ಪಾದದ ಹುಣ್ಣಾಗಲಿ, ಚೂರಾದ ಎಲುಬಾಗಲಿ ಬಹುಕಾಲ ಮಾಯದೆ ಉಳಿಯುವುದುಂಟು. ಅಂತಹ ಎಡೆಯಲ್ಲಿ ನಷ್ಟವಾದ ಧಾತು ಪುನಃ ಬೆಳೆಯಲು ಆಸರೆಯಾಗುವ, ಔಷಧವನ್ನು ತಕ್ಕ ಸ್ಥಳದಲ್ಲಿ ಮೆಲ್ಲಮೆಲ್ಲನೆ ಬಿಡುವ ವಸ್ತುಗಳಿಗೆ ಜೈವಿಕವಸ್ತುಗಳೆಂದು ಹೆಸರು. ಇವುಗಳಲ್ಲಿ ಮೈಸೂರು ಸೀಮೆಗೆ ಅತ್ಯಂತ ಪರಿಚಿತವಾದ ರೇಷ್ಮೆಯೂ ಒಂದೆಂಬುದು ಇಂದಿನ ವಿಷಯ.

ಗಾಯವನ್ನು ನೂಲಿನಿಂದ ಹೊಲಿಯುವ ಪದ್ಧತಿ ನೂತನವಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಸಣ್ಣ ನೂಲು, ಅಶ್ಮಂತಕದ ನಾರು, ಸೆಣಬು, ಕ್ಷೌಮ, ಸ್ನಾಯು, ಕೂದಲು ಇವೇ ಮೊದಲಾದವು ಹೊಲಿಗೆಗೆ ಹೇಳಲ್ಪಟ್ಟಿವೆ. ರೇಷ್ಮೆಯ ದಾರವು ಆಧುನಿಕ ಶಸ್ತ್ರವೈದ್ಯರ ಕೈಯಲ್ಲಿಯೂ ಬಹುಕಾಲದಿಂದ ಇದೆ. ಆದರೆ ಹೊಲಿಯುವುದು ಬೇರೆ, ಬೆಳೆಯಿಸುವುದು ಬೇರೆ. ಅಮೆರಿಕದ ಲ್ಯಾಂಗರ್ ಮತ್ತು ಫೋಕ್‌ಮನ್ ಎಂಬವರು 1976ರಲ್ಲಿ ಪ್ರೋಟೀನುಗಳನ್ನು ದೀರ್ಘಕಾಲ ಒಂದೇ ಸಮನೆ ಹೊರಬಿಡುವ ಪಾಲಿಮರುಗಳನ್ನು ಪ್ರಕಟಿಸಿದರು. 1993ರಲ್ಲಿ ಅದೇ ಲ್ಯಾಂಗರ್ ಮತ್ತು ವಕಾಂಟಿ ಎಂಬವರು ಜೀವಕೋಶಗಳನ್ನು ಆಸರೆಯ ಮೇಲೆ ಬೆಳೆಯಿಸಿ ಧಾತುಗಳನ್ನು ಕಟ್ಟುವ ವಿದ್ಯೆಯ ಸ್ವರೂಪವನ್ನು ವಿಶದಪಡಿಸಿದರು.

ಈ ಆಸರೆಯ ಧರ್ಮವೇನು? ಅವರೆಯ ಬಳ್ಳಿಗೆ ರೈತನು ಹಂದರ ಹಾಕುತ್ತಾನೆ. ಬಳ್ಳಿ ಹಬ್ಬಿ ಕಾಯಿ ಬಿಟ್ಟ ಮೇಲೆಯೂ ಆ ಹಂದರ ನಿಂತಿರುತ್ತದೆ. ದೇಹದೊಳಗಣ ಹಂದರ ಹಾಗೆ ನಿಲ್ಲಲಾಗದು. ಜೀವಕೋಶಗಳು ಹೊಕ್ಕು ನೆಲೆಸಲು ಅದರಲ್ಲಿ ರಂಧ್ರಗಳಿರಬೇಕು. ಅವು ತಮ್ಮ ಧಾತುವನ್ನು ಕಟ್ಟಿಕೊಂಡಂತೆಲ್ಲ ಹಂದರ ಕರಗುತ್ತ ಬರಬೇಕು. ಬೇಗನೆ ಕರಗಿದರೆ ಹೊಸ ಧಾತು ಕುಸಿಯುವುದು; ತಡವಾದರೆ ಅದೇ ಅಡ್ಡಿಯಾಗುವುದು. ಆಸರೆಯಾಗಿ ನಿಂತು, ಕಾಲ ಬಂದಾಗ ತಾನು ಇಲ್ಲವಾಗುವುದೇ ಅದರ ಸಾರ್ಥಕ್ಯ.

ಈ ಗುಣ ರೇಷ್ಮೆಯಲ್ಲಿ ಹೇಗೆ ಬರುವುದೆಂದರೆ: ನಾಲ್ಕು ಜ್ವರಗಳನ್ನು ಕಳೆದು ಹಣ್ಣಾದ ಹುಳುವು ಚಂದ್ರಿಕೆಯನ್ನೇರಿ ಗೂಡು ಕಟ್ಟುತ್ತದೆ. ಆ ನೂಲಿನಲ್ಲಿ ಸುಮಾರು ಮುಕ್ಕಾಲು ಪಾಲು ಫೈಬ್ರೋಯಿನ್ ಎಂಬ ಪ್ರೋಟೀನು. ಉಳಿದುದರಲ್ಲಿ ಹೆಚ್ಚಿನದು ಸೆರಿಸಿನ್ ಎಂಬ ಅಂಟು. ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿದರೆ ಅಂಟು ಬಿಡುತ್ತದೆ. ಫೈಬ್ರೋಯಿನನ್ನು ಲಿಥಿಯಂ ಬ್ರೋಮೈಡಿನ ಗಾಢ ದ್ರಾವಣದಲ್ಲಿ ಕರಗಿಸಿ, ಬಳಿಕ ಆ ಲವಣವನ್ನು ಬೇರ್ಪಡಿಸಿದರೆ ತಿಳಿಯಾದ ದ್ರವ ದೊರೆಯುವುದು. ಅದರಿಂದ ತೆಳುಪೊರೆ, ಸ್ಪಂಜು, ಲೋಳೆ, ಸೂಕ್ಷ್ಮ ಗುಳಿಗೆ ಮುಂತಾದ ರೂಪಗಳನ್ನು ಮಾಡಬಹುದು. ಉಪ್ಪಿನ ಹರಳುಗಳ ಮೇಲೆ ದ್ರವವನ್ನು ಹೊಯ್ದು ಗಟ್ಟಿಯಾದ ಮೇಲೆ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ, ಹರಳಿದ್ದ ಎಡೆಯೆಲ್ಲ ರಂಧ್ರವಾಗುತ್ತದೆ. ಮದ್ಯಸಾರದ ಸಂಸ್ಕಾರದಿಂದ ಫೈಬ್ರೋಯಿನಿನ ಎಳೆಗಳು ಒತ್ತಾಗಿ ಹೆಣೆದುಕೊಂಡು, ಕರಗುವಿಕೆ ನಿಧಾನವಾಗುವುದು. ಒಳಗಿಟ್ಟ ಔಷಧ ಹೊರಬರುವ ವೇಗವನ್ನು ಹತೋಟಿಗೆ ತರುವುದಕ್ಕೂ ಇದೊಂದು ಕೀಲಿ.

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯಿಂದ ದಿನದಿನವೂ ಆಸ್ಪತ್ರೆಗೆ ಹೋಗಿ ಗಾಯ ಕಟ್ಟಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಈ ಕೀಲಿಯ ಬೆಲೆಯನ್ನು ಅರಿಯುವರು. ಒಮ್ಮೆ ಇಟ್ಟ ಪಟ್ಟಿ ಹಲವು ದಿನ ಔಷಧವನ್ನು ಬಿಡುತ್ತಿದ್ದರೆ ಹಾದಿಯ ಆಯಾಸವೂ ಕೂಲಿಯ ನಷ್ಟವೂ ತಪ್ಪುವುವು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಬೆಂಕಿಯ ಬಳಿ ದುಡಿಯುವವರಿಗೂ, ಕೃಷ್ಣರಾಜನಗರದ ಗದ್ದೆಯ ಕೆಸರಿನಲ್ಲಿ ಬರಿಗಾಲಿನಿಂದ ನಿಲ್ಲುವ ಮಧುಮೇಹಿಗೂ ಇದು ದೂರದ ವಿಷಯವಲ್ಲ.

ಮೈಸೂರಿನಲ್ಲಿ ಇದಕ್ಕೆ ಬೇಕಾದ ವಿದ್ಯೆಗಳ ನೆಲೆಯೂ ಇದೆ. ಟಿಪ್ಪುಸುಲ್ತಾನನ ಕಾಲದಲ್ಲಿ ಈ ನಾಡಿನಲ್ಲಿ ಬೇರೂರಿದ ರೇಷ್ಮೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ನೇಯ್ಗೆಯ ಕಾರ್ಖಾನೆ ದೊರೆಯಿತು. 1961ರಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಸ್ಥಾಪಿತವಾಯಿತು. ಸುತ್ತೂರು ಶ್ರೀಮಠದ ಆಶ್ರಯದ ವಿದ್ಯಾಪೀಠವು 1973ರಲ್ಲಿ ಇಲ್ಲಿ ಔಷಧವಿಜ್ಞಾನದ ಕಾಲೇಜನ್ನು ತೆರೆಯಿತು. ಹುಳುವನ್ನು ಬಲ್ಲವರೂ ಔಷಧವನ್ನು ಬಲ್ಲವರೂ ಒಂದೇ ಊರಿನಲ್ಲಿರುವುದು ಸಣ್ಣ ಅನುಕೂಲವಲ್ಲ.

ಇಲ್ಲಿ ಒಂದು ಆಕ್ಷೇಪವುಂಟು: ನೂಲಿಗಾಗಿ ಗೂಡಿನೊಳಗಣ ಜೀವವನ್ನು ಕೊಲ್ಲುವುದು ದಯೆಗೆ ಒಪ್ಪುವುದೇ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಸೀರೆಗೆ ಬೇಕಾದುದು ತುಂಡಾಗದ ಉದ್ದನೆಯ ಎಳೆ. ಔಷಧಕ್ಕಾದರೋ ಎಳೆಯನ್ನು ಹೇಗೂ ಕರಗಿಸಬೇಕಾದುದರಿಂದ ಉದ್ದದ ಹಂಗಿಲ್ಲ. ಆದಕಾರಣ ಪತಂಗವು ಸೀಳಿಕೊಂಡು ಹೊರಬಿದ್ದ ಗೂಡಾದರೂ ಚೆನ್ನಾಗಿ ಶುದ್ಧಿಮಾಡಿದಲ್ಲಿ ಉಪಯೋಗಕ್ಕೆ ಬರಬಲ್ಲುದು. ಹಾಗೆಂದು ರೈತನಿಗೆ ಭಾರಿ ಬೆಲೆಯ ಆಸೆಯನ್ನು ಹುಟ್ಟಿಸುವುದೂ ಸಲ್ಲದು. ಒಂದು ಪಟ್ಟಿಗೆ ಬೇಕಾಗುವ ರೇಷ್ಮೆ ಅತ್ಯಲ್ಪ.

ಇನ್ನೊಂದು ಎಚ್ಚರಿಕೆಯು ಮುಖ್ಯವಾದುದು. ರೇಷ್ಮೆಯು ಮಡಿಯೆಂದು ಹುಣ್ಣಿಗೆ ಮನೆಯ ರೇಷ್ಮೆಬಟ್ಟೆಯನ್ನು ಕಟ್ಟತಕ್ಕದ್ದಲ್ಲ. ಪೂಜೆಯ ಮಡಿ ಬೇರೆ, ಶಸ್ತ್ರವೈದ್ಯದ ಶುದ್ಧಿ ಬೇರೆ. ಅಂಟು ಸರಿಯಾಗಿ ತೆಗೆಯದ ನೂಲು ಕೆಲವರ ದೇಹದಲ್ಲಿ ಉರಿಯೂತವನ್ನು ಎಬ್ಬಿಸುವುದುಂಟು. ರೇಷ್ಮೆಯ ಪ್ರೋಟೀನಿನ ಪಟ್ಟಿಗಳು ಈಗಾಗಲೇ ಚಿಕಿತ್ಸೆಗೆ ಬಂದಿವೆ, ನಿಜ. ಆದರೆ ಇಡಿಯ ಯಕೃತ್ತನ್ನೋ ಮೂತ್ರಪಿಂಡವನ್ನೋ ಹೀಗೆ ಬೆಳೆಯಿಸಿ ರೋಗಿಗೆ ಜೋಡಿಸುವುದು ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಪ್ರಯೋಗಶಾಲೆಯಲ್ಲಿಯೂ ಪ್ರಾಣಿಗಳಲ್ಲಿಯೂ ಪರೀಕ್ಷಿತವಾಗಿ, ಒಪ್ಪಿಗೆಯಿತ್ತ ಮನುಷ್ಯರಲ್ಲಿ ಗುಣ ಕಂಡ ಮೇಲೆಯೇ ಯಾವುದನ್ನೂ ನಂಬಬೇಕು. ಭರತಖಂಡದಲ್ಲಿ ಇದಕ್ಕೆ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯಿದೆ. ಪಾದದಲ್ಲಿ ಹುಣ್ಣಾದ ಮಧುಮೇಹಿಯು ಹೊಸ ಪಟ್ಟಿಯ ಸುದ್ದಿಯನ್ನು ಕೇಳಿ ಕಾಯುತ್ತ ಕುಳಿತರೆ ಕಾಲನ್ನೇ ಕಳೆದುಕೊಂಡಾನು. ಆತನು ತಡಮಾಡದೆ ಇಂದಿನ ವೈದ್ಯರನ್ನೇ ಕಾಣಬೇಕು.

ಅಲ್ಪವಾದ ಹುಳುವಿನ ನೂಲು ನೊಂದ ದೇಹಕ್ಕೆ ಹಂದರವಾಗುವ ಈ ವಿದ್ಯೆಯನ್ನು ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಕಲಿತು, ಸತ್ಯವನ್ನು ಬಿಡದೆ ಬೆಳೆಯಿಸಿ, ಅದರ ಫಲವನ್ನು ಹಾಡಿಯ ಬಡವನ ಬಾಗಿಲಿಗೂ ಮುಟ್ಟಿಸುವಂತಾಗಲಿ.

ಶುಭಮಸ್ತು.