ಸಿಗಡಿಯ ಕತೆ ಗೊತ್ತಿದ್ದ ಹುಡುಗ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು ಎಂದು ಹೆಡ್‌ಮಾಸ್ಟರು ಕೇಳಿದ್ದರು. ಅವರ ಒಪ್ಪಿಗೆ ಪಡೆದೇ ವಿಷಯ ಬದಲಾಯಿಸಿದ್ದೇನೆ. ಪಂಜೆ ಮಂಗೇಶರಾಯರನ್ನು ಚಿಕ್ಕ ಮಕ್ಕಳಿಗೆ ಪರಿಚಯ ಮಾಡಿಸಲು ಹೋಗಿ ನಾನು ಕಲಿತ ಪಾಠವನ್ನು ಇವತ್ತು ಹೇಳುತ್ತೇನೆ.

ಈ ಶಾಲೆಯಲ್ಲಿ ಓದುವಾಗ ಕವಿ ಪರಿಚಯ ಬರೆಯುವುದರಲ್ಲಿ ನಾನು ಗಟ್ಟಿಗ. ಹುಟ್ಟಿದ ವರ್ಷ, ಊರು, ಕಾವ್ಯನಾಮ, ಕೃತಿಗಳು. ಅಷ್ಟು ಬರೆದರೆ ಪೂರ್ತಿ ಅಂಕ. ಪರೀಕ್ಷೆಯ ಮರುದಿನ ಎಲ್ಲ ಮರೆತುಹೋಗುತ್ತಿತ್ತು. ಅದು ನನ್ನ ಗುರುಗಳ ತಪ್ಪಲ್ಲ. ಅವರು ಪದ್ಯ ಹಾಡಿಸುತ್ತಿದ್ದರು, ನಾನು ಅಂಕ ಎಣಿಸುತ್ತಿದ್ದೆ.

2021ರ ಮೊದಲ ತಿಂಗಳುಗಳಲ್ಲಿ, ಕೊರೊನಾ ಕಾರಣ ಕಂಪನಿಯ ಕೆಲಸವನ್ನು ಊರಿನ ಮನೆಯಿಂದಲೇ ಮಾಡುತ್ತಿದ್ದೆ. ಚಿಕ್ಕ ಮಕ್ಕಳ ಶಾಲೆ ಇನ್ನೂ ತೆರೆದಿರಲಿಲ್ಲ. ಸಂಜೆ ನಮ್ಮ ಮನೆ ಜಗಲಿಯ ಮೇಲೆ ಮೂರನೆಯ, ನಾಲ್ಕನೆಯ ತರಗತಿಯ ಎಂಟು ಮಕ್ಕಳನ್ನು ಕೂರಿಸಿಕೊಳ್ಳತೊಡಗಿದೆ. ಅವರಲ್ಲೊಬ್ಬ ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದಿದ್ದ ಕುಟುಂಬದ ಹುಡುಗ. ಮನೆಮಾತು ತೆಲುಗು. ಬಾಯಿ ತೆರೆದರೆ ಉಳಿದವರು ನಗುತ್ತಾರೆಂದು ಅವನು ಮಾತಾಡುತ್ತಲೇ ಇರಲಿಲ್ಲ. ಕಂಬಕ್ಕೆ ಒರಗಿ ಕೂರುತ್ತಿದ್ದ.

ಪಂಜೆಯವರ ಪಾಠವನ್ನು ನಾನು ಹಳೆಯ ಚಾಳಿಯಂತೆಯೇ ಶುರು ಮಾಡಿದೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದರು, ಕವಿಶಿಷ್ಯ ಎಂಬ ಹೆಸರಿನಲ್ಲಿ ಬರೆದರು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು, 1937ರಲ್ಲಿ ತೀರಿಕೊಂಡರು. ಎರಡು ನಿಮಿಷದಲ್ಲಿ ಒಬ್ಬ ಆಕಳಿಸಿದ, ಇನ್ನೊಬ್ಬಳು ಬಾಗಿಲಲ್ಲಿದ್ದ ಮೇಕೆಮರಿಯ ಕಡೆ ತಿರುಗಿದಳು. ಪುಸ್ತಕ ಮುಚ್ಚಿಟ್ಟು, ‘ಸಿಗಡಿ ಯಾಕೆ ಒಣಗಲಿಲ್ಲ’ ಕತೆಯನ್ನು ಬಾಯಲ್ಲೇ ಹೇಳಲು ಹೊರಟೆ.

“ಅಣ್ಣಾ, ಸಿಗಡಿ ಅಂದ್ರೆ ಸಂತೇಲಿ ಒಣಮೀನಿನ ಜೊತೆ ಮಾರ್ತಾರಲ್ಲ, ಅದಾ?” ಎಂದಳು ಒಬ್ಬಳು. ಅದೇ ಎಂದೆ. ಬಿಸಿಲಿಗೆ ಹಾಕಿದ ಸಿಗಡಿ ಒಣಗಲಿಲ್ಲ. ಯಾಕೆ ಎಂದರೆ ಹುಲ್ಲಿನ ಮೇಲೆ ದೂರು. ಹುಲ್ಲನ್ನು ಕೇಳಿದರೆ ದನದ ಮೇಲೆ. ದನವನ್ನು ಕೇಳಿದರೆ ಮೇಯಿಸುವ ಹುಡುಗನ ಮೇಲೆ. ರಾತ್ರಿ ಸರ್ವರ್ ನಿಂತರೆ ನಮ್ಮ ಆಫೀಸಿನಲ್ಲೂ ಹೀಗೇ ‘ಯಾಕೆ, ಯಾಕೆ’ ಎಂದು ಹಿಂದೆ ಹಿಂದೆ ಹೋಗುತ್ತೇವೆ.

ಹುಡುಗ ಯಾಕೆ ದನ ಮೇಯಿಸಲಿಲ್ಲ ಎಂದು ಕೇಳಿ ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕಂಬದ ಕಡೆಯಿಂದ ಸಣ್ಣ ದನಿ ಬಂತು: “ಅವ್ವ.”

ಎಲ್ಲರೂ ತಿರುಗಿ ನೋಡಿದರು. ಉತ್ತರ ಸರಿಯಾಗಿತ್ತು. ಅಜ್ಜಿ ಊಟ ಕೊಟ್ಟಿರಲಿಲ್ಲ, ಅದಕ್ಕೇ ಹುಡುಗ ದನ ಮೇಯಿಸಿರಲಿಲ್ಲ. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. “ನಿನಗೆ ಈ ಕತೆ ಗೊತ್ತಾ?” ಎಂದೆ. ತಲೆಯಾಡಿಸಿದ. ಅವನ ಅವ್ವ ದಿನಾ ಹೇಳುವ ಕತೆಯಂತೆ. ಆದರೆ ಸಿಗಡಿ ಅಲ್ಲ, ಮೀನು. ತೆಲುಗು ಮನೆಗಳಲ್ಲಿ ಅದು ‘ಏಡು ಚೇಪಲ ಕಥ’, ಏಳು ಮೀನಿನ ಕತೆ.

“ಹಾಗಾದರೆ ಮುಂದೆ ನೀನೇ ಹೇಳು” ಎಂದೆ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳಿದ. ಅಜ್ಜಿ ಊಟ ಕೊಡದ್ದಕ್ಕೆ ಮಗುವಿನ ಅಳು ಕಾರಣ, ಮಗುವಿನ ಅಳುವಿಗೆ ಇರುವೆ. ತನ್ನ ಗೂಡಿಗೆ ಕೈ ಹಾಕಿದರೆ ಕಚ್ಚದೆ ಇನ್ನೇನು ಎಂದು ಇರುವೆ ಕೇಳುವಾಗ ಅವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಮಕ್ಕಳು ನಕ್ಕರು. ಈ ಸಲ ಇರುವೆಯ ಮಾತಿಗೆ ನಕ್ಕಿದ್ದರು. ಅದು ಅವನಿಗೂ ಗೊತ್ತಾಯಿತು, ಅವನೂ ನಕ್ಕ.

ಆಮೇಲೆ ಅವನೇ ಕೇಳಿದ: “ಇದನ್ನ ಕನ್ನಡದಲ್ಲಿ ಬರೆದೋರು ಯಾರು?”

ನಾನು ಮೊದಲೇ ಹೇಳಿದ್ದ ಹೆಸರು. ಆಗ ಯಾರೂ ಕೇಳಿಸಿಕೊಂಡಿರಲಿಲ್ಲ, ಈಗ ಎಂಟೂ ಮಕ್ಕಳು ಕಾಯುತ್ತಿದ್ದರು. ಇಸವಿಗಳನ್ನು ಬಿಟ್ಟು ಬೇರೆಯದನ್ನು ಹೇಳಿದೆ. ಪಂಜೆಯವರೂ ಮೇಷ್ಟರಾಗಿದ್ದವರು. ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. ಅವರ ಮನೆಮಾತು ಕೊಂಕಣಿ, ಸುತ್ತಲಿನ ಊರಿನ ಮಾತು ತುಳು. ಕನ್ನಡದ ಮಕ್ಕಳಿಗೆ ಇಷ್ಟೊಂದು ಹಾಡು, ಕತೆ ಕೊಟ್ಟವರ ಮನೆಯಲ್ಲಿ ಆಡುತ್ತಿದ್ದ ಭಾಷೆ ಕನ್ನಡವಲ್ಲ. ಹುಡುಗ ಸುಮ್ಮನೆ ಕೇಳಿಸಿಕೊಂಡ. ಮರುದಿನ ಕಂಬ ಬಿಟ್ಟು ಮುಂದೆ ಬಂದು ಕೂತ.

ಮಳೆಗಾಲಕ್ಕೆ ಮೊದಲು ಗೂಡಿನ ಕೆಲಸ ಮುಗಿದು ಆ ಕುಟುಂಬ ಹೊರಟುಹೋಯಿತು. ಅವನು ಈಗ ಯಾವ ಶಾಲೆಯಲ್ಲಿದ್ದಾನೋ. ಅಂಥ ಹುಡುಗರು, ಹುಡುಗಿಯರು ನಮ್ಮ ಶಾಲೆಗೂ ಪ್ರತಿ ಜೂನ್‌ನಲ್ಲಿ ಬರುತ್ತಾರೆ. ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರೆ ಅವರಿಗೆ ಏನೂ ಬರುವುದಿಲ್ಲ ಎಂದುಕೊಳ್ಳಬೇಡಿ. ಕತೆಯ ಮುಂದಿನ ಭಾಗ ಅವರಿಗೆ ಗೊತ್ತಿರಬಹುದು.

ಗುರುಗಳಲ್ಲಿ ನನ್ನದು ಎರಡು ಕೋರಿಕೆ. ಮೊದಲು ಕತೆ ಹೇಳಿ, ಬರೆದವರು ಯಾರೆಂದು ಮಕ್ಕಳೇ ಕೇಳುವವರೆಗೆ ಕಾಯಿರಿ. ಶನಿವಾರ ಅರ್ಧ ಗಂಟೆ, ಮನೆಯಲ್ಲಿ ಕೇಳಿದ ಕತೆಯನ್ನು ತಮಗೆ ಬಂದ ಭಾಷೆಯಲ್ಲಿ ಹೇಳಲು ಮಕ್ಕಳಿಗೆ ಬಿಡಿ. ನಮ್ಮ ಬ್ಯಾಚಿನವರು ಗ್ರಂಥಾಲಯಕ್ಕೆ ಕೊಡುತ್ತಿರುವ ಪುಸ್ತಕಗಳಲ್ಲಿ ಪಂಜೆಯವರ ಮಕ್ಕಳ ಕತೆಗಳೂ ಇವೆ. ದಯವಿಟ್ಟು ಆ ಬೀರುವಿಗೆ ಬೀಗ ಹಾಕಬೇಡಿ. ಪುಸ್ತಕ ಹರಿದರೆ ಹೊಸದು ತಂದುಕೊಡುವ ಜವಾಬ್ದಾರಿ ನನ್ನದು.